ಹಳೇ ರೆಕಾರ್ಡ್ ಕಪಾಟನ್ನು ಉಜ್ಜಿ, ಪಿಯು (ಪಾಲಿಯುರೆಥೇನ್) ಪಾಲಿಷ್ ಹೊಡೆದು, ಎಲ್‌ಪಿ (ದೊಡ್ಡ ವಿನೈಲ್ ರೆಕಾರ್ಡು) ಇಡೋ ಹಾಗೆ ಮಾಡಬಹುದಾ?

ಉಜ್ಜಬೇಡಿ. ಸ್ಯಾಂಡರ್ (ಮರ ಉಜ್ಜೋ ಮೆಷಿನ್) ಬಾಡಿಗೆಗೆ ತಂದಿದ್ದರೆ ಇವತ್ತೇ ವಾಪಸ್ ಕೊಟ್ಟುಬಿಡಿ.

ಬೀಟೆ ಬಣ್ಣದ ಎರಡು ಬಾಗಿಲು, ಒಳಗೆ ಸಾಲಾಗಿ ತೆಳು ಹಲಗೆ, ಮೇಲೆಲ್ಲ ಕಪ್ಪಗೆ ಜಿಡ್ಡುಗಟ್ಟಿದ ಪಾಲಿಷ್. ನೀವು ಬರೆದಿದ್ದು ಓದಿದಾಗ ನಮ್ಮ ಮನೆಯ ಕಪಾಟೇ ಕಣ್ಣಿಗೆ ಬಂತು. ಹುಬ್ಬಳ್ಳಿಯ ದೊಡ್ಡಪ್ಪನ ಮನೆ ಖಾಲಿ ಮಾಡುವಾಗ ನನ್ನ ಪಾಲಿಗೆ ಬಂದದ್ದು. ಜೊತೆಗೆ ಒಂದಿಷ್ಟು 78 ಆರ್‌ಪಿಎಂ ಪ್ಲೇಟುಗಳು, ಅಂದರೆ ಹಳೇ ಗ್ರಾಮಫೋನ್ ರೆಕಾರ್ಡುಗಳು. ಅದರಲ್ಲೊಂದು ‘ಗಾಂಧಾರಿ’ ಅನ್ನೋ ಹೆಸರಿನದು. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಎಚ್‌ಎಂವಿ ರೆಕಾರ್ಡುಗಳು ಬಂದದ್ದು ಆ ಹೆಸರಿನಲ್ಲೇ. ಇಂಥ ಪ್ಲೇಟು ಇಡೋ ಕಪಾಟು ಮಿರಿಮಿರಿ ಮಿಂಚಬೇಡವೇ ಅಂತ ಹುರುಪು ಬಂತು.

80 ನಂಬರ್ ಪೇಪರ್ ಹಾಕಿ ಬಾಗಿಲಿನಿಂದಲೇ ಶುರು ಮಾಡಿದೆ. ಜಿಡ್ಡು ಹೋಗಿ ಕೆಂಗಪ್ಪು ಎಳೆಗಳು ಎದ್ದು ಬಂದವು. ಖುಷಿಯಲ್ಲಿ ಇನ್ನೊಂದು ಸುತ್ತು ಹೊಡೆದೆ. ಅಂಗೈ ಅಗಲದಷ್ಟು ಜಾಗ ಇದ್ದಕ್ಕಿದ್ದಂತೆ ಹಳದಿಯಾಯಿತು. ಪಾಲಿಷ್ ಉಳಿದಿದೆ ಅಂದುಕೊಂಡು ಅಲ್ಲೇ ಇನ್ನಷ್ಟು ಒತ್ತಿದೆ. ಅದು ಪಾಲಿಷ್ ಅಲ್ಲ, ಅಡಿಯಲ್ಲಿದ್ದ ತೇಗ. ಮೇಲಿದ್ದದ್ದು ಬರೀ ಬೀಟೆಯ ವೆನೀರು, ಅಂದರೆ ಅಂಟಿಸಿದ ತೆಳು ಮರದ ಪದರ, ಒಂದು ಮಿಲಿಮೀಟರ್ ಕೂಡ ದಪ್ಪ ಇರಲಿಲ್ಲ. ಆಮೇಲೆ ಬಂದು ನೋಡಿದ ಆಚಾರ್ರು, “ಇದು ಬೀಟೆ ಅಲ್ಲ ಸ್ವಾಮಿ, ತೇಗಕ್ಕೆ ತೊಡಿಸಿದ ಬೀಟೆ ಅಂಗಿ” ಅಂದರು.

ನಾನು ಮೋಸ ಹೋದದ್ದು ಬಾಗಿಲಿನ ಅಂಚು ನೋಡಿ. ಅಂಚಿಗೆ ನಿಜವಾದ ಬೀಟೆ ಪಟ್ಟಿ ಅಂಟಿಸಿರುತ್ತಾರೆ. ಅದನ್ನು ನೋಡಿದವರಿಗೆ ಇಡೀ ಬಾಗಿಲೇ ಬೀಟೆ ಅನ್ನಿಸುತ್ತದೆ. ಹಾಗಾಗಿ ಅಂಚು ನೋಡಬೇಡಿ. ಬಾಗಿಲಿನ ಹೊರಗಿನ ಎಳೆಗೂ ಒಳಗಿನ ಎಳೆಗೂ ತಾಳೆ ಇದೆಯಾ ನೋಡಿ. ಗಟ್ಟಿ ಮರದಲ್ಲಿ ಹೊರಗಿನ ಗಂಟು ಒಳಗೂ ಸಾಮಾನ್ಯವಾಗಿ ಕಾಣುತ್ತದೆ. ಇನ್ನೂ ಅನುಮಾನ ಇದ್ದರೆ ಒಂದು ಹಿಂಜ್ ಬಿಚ್ಚಿ, ಅದು ಕೂತಿದ್ದ ಕಚ್ಚಿನ ಬದಿಗೆ ಟಾರ್ಚ್ ಬಿಡಿ. ಅಲ್ಲಿ ಯಾರೂ ಪಾಲಿಷ್ ಹಚ್ಚಿರೋದಿಲ್ಲ. ಪದರ ಇದ್ದರೆ ಗೆರೆ ಎಳೆದ ಹಾಗೆ ಕಾಣುತ್ತದೆ. ಎರಡು ಸ್ಕ್ರೂ ಬಿಚ್ಚೋ ಕೆಲಸ, ಅಷ್ಟೇ. ಅದನ್ನು ಮಾಡಿದ್ದರೆ ಮೆಷಿನ್ ಮುಟ್ಟುತ್ತಲೇ ಇರಲಿಲ್ಲ.

ಹೋದ ಜಾಗಕ್ಕೆ ಹೊಸ ಬೀಟೆ ವೆನೀರು ಹಾಕಿಸಿದೆ. ದುಡ್ಡು ಹೋಯಿತು, ತೇಪೆ ಮಾತ್ರ ಸೋಫಾದಲ್ಲಿ ಕೂತವರಿಗೂ ಕಾಣುತ್ತದೆ. ಬೀಟೆ ವರ್ಷಾನುಗಟ್ಟಲೆ ಬೆಳಕಿಗೆ ಬಿದ್ದು ಬಣ್ಣ ತಿಳಿಯಾಗಿರುತ್ತದೆ. ಹೊಸ ತುಂಡು ಗಾಢ. ಸ್ಟೇನ್ (ಮರಕ್ಕೆ ಹಚ್ಚೋ ಬಣ್ಣ) ಹಚ್ಚಿ ಸರಿ ಮಾಡಲು ಹೋಗಿ ಇನ್ನೂ ಕೆಡಿಸಿದೆವು.

ಅಷ್ಟಕ್ಕೂ ಆ ಕಪ್ಪು ಬಣ್ಣ ಮರದ್ದಲ್ಲ. ಹಳೇ ಮೇಣ, ಹೊಗೆ, ಕೈ ಜಿಡ್ಡು. ಟರ್ಪೆಂಟೈನ್‌ನಲ್ಲಿ ಅದ್ದಿದ ಹತ್ತಿ ಬಟ್ಟೆಯಿಂದ ಮೆತ್ತಗೆ ಒರೆಸಿದರೆ ಬಹುಪಾಲು ಬಿಡುತ್ತದೆ. ಆಮೇಲೆ ಕಾಣದ ಮೂಲೆಯಲ್ಲಿ ಒಂದು ತೊಟ್ಟು ಸ್ಪಿರಿಟ್ ಹಚ್ಚಿ. ಅಂಟಂಟಾದರೆ ಅದು ಅರಗಿನ ಫ್ರೆಂಚ್ ಪಾಲಿಷ್. ಅದರ ಮೇಲೆ ತೆಳುವಾಗಿ ಹೊಸ ಫ್ರೆಂಚ್ ಪಾಲಿಷ್ ಹಚ್ಚಿದರೆ ಹಳೆಯದರ ಜೊತೆ ಬೆರೆತು ಒಂದಾಗುತ್ತದೆ. ಪಿಯು ಹಾಗಲ್ಲ. ಅದು ಪ್ಲಾಸ್ಟಿಕ್. ಒಮ್ಮೆ ಗೀರು ಬಿದ್ದರೆ ಪೂರ್ತಿ ಉಜ್ಜಿ ತೆಗೆಯಬೇಕು, ಆಗ ವೆನೀರೂ ಹೋಗುತ್ತದೆ. ಪಾಲಿಷ್ ಅಂಗಡಿಯವರು ಏನೇ ಹೇಳಲಿ, ಹಳೇ ಸಾಮಾನಿಗೆ ಪಿಯು ಬೇಡ.

ಎಚ್ಚರ, ಆ ಸ್ಪಿರಿಟ್ ಬಟ್ಟೆಯಲ್ಲಿ ಪ್ಲೇಟು ಮಾತ್ರ ಒರೆಸಬೇಡಿ. 78ರ ಪ್ಲೇಟಿನಲ್ಲೂ ಅರಗೇ ಇರೋದು, ಕರಗಿ ಗೆರೆಗಳೇ ಹಾಳಾಗುತ್ತವೆ.

ವೆನೀರು ಎಲ್ಲಾದರೂ ಎದ್ದಿದ್ದರೆ ಫೆವಿಕಾಲ್ ಸುರಿಯಬೇಡಿ. ಹಳೇ ಕೆಲಸ ಸಾಮಾನ್ಯವಾಗಿ ಪ್ರಾಣಿಯ ಚರ್ಮ, ಮೂಳೆಯಿಂದ ಕಾಯಿಸಿದ ಸರೇಸಿನದು. ಶಾಖಕ್ಕೂ ತೇವಕ್ಕೂ ಅದು ಮತ್ತೆ ಮೆತ್ತಗಾಗುತ್ತದೆ. ಒದ್ದೆ ಬಟ್ಟೆ ಹಾಕಿ, ಸಣ್ಣ ಶಾಖದ ಇಸ್ತ್ರಿಪೆಟ್ಟಿಗೆ ಸ್ವಲ್ಪ ಹೊತ್ತು ಇಟ್ಟು ತೆಗೆಯಿರಿ. ತಕ್ಷಣ ಹಲಗೆ ಇಟ್ಟು ಕ್ಲಾಂಪ್ ಬಿಗಿದು ಒಂದು ದಿನ ಬಿಡಿ. ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಮರ ಕೊರೆಯೋ ಕುಟ್ಟೆ ಹುಳ ಇನ್ನೂ ಒಳಗಿದೆ ಅಂತ. ಮೊದಲು ಅದಕ್ಕೆ ಔಷಧಿ, ಆಮೇಲೆ ಉಳಿದದ್ದು.

ಇನ್ನು ಎಲ್‌ಪಿ ವಿಷಯ. ಒಳಗಿನ ಹಲಗೆ ಕತ್ತರಿಸಬೇಡಿ. ಹಳೇ ಪ್ಲೇಟುಗಳಲ್ಲಿ ಹೆಚ್ಚಿನವು 10 ಇಂಚಿನವು, ಎಲ್‌ಪಿ 12 ಇಂಚು. ಹಿಡಿಸೋದಿಲ್ಲ ಅಂತ ಕಪಾಟನ್ನೇ ಸೀಳೋದು ನನಗೆ ಸರಿ ಕಾಣುವುದಿಲ್ಲ. ಪ್ಲೇಟು ಇಲ್ಲದಿದ್ದರೆ ಪುಸ್ತಕ ಇಡಿ, ಖಾಲಿಯಾದರೂ ಇರಲಿ. ಎಲ್‌ಪಿಗೆ ಬೇರೆ ರ‍್ಯಾಕ್ ಮಾಡಿಸಿ. ಒಳ ಎತ್ತರ 33 ಸೆಂ.ಮೀ. ಸಾಕು. ಒಂದಡಿ ಉದ್ದದ ಸಾಲಿಗೆ 15ರಿಂದ 20 ಕೆ.ಜಿ. ಭಾರ ಬೀಳುತ್ತದೆ, ಹಾಗಾಗಿ ಪಾರ್ಟಿಕಲ್ ಬೋರ್ಡ್ ಬೇಡ. 18 ಎಂ.ಎಂ. ಪ್ಲೈವುಡ್ಡೇ ಹಾಕಿಸಿ.