ಊರ ನಡುವಿನ ಖಾಲಿ ಚೌಕಕ್ಕ ಮಂದಿ ಬರಬೇಕಂದ್ರ ಏನ್ ಮಾಡಬೇಕು?

ಸಿಟಿ ನಡುವ ಫರ್ಸಿ ಹಾಕಿದ ದೊಡ್ಡ ಜಾಗ ಅದ, ಕಾರಂಜಿನೂ ಅದ, ಆದ್ರ ಯಾರೂ ಕೂಡಲ್ಲ, ಡಿಸೈನ್ ಹೆಂಗ ಬದಲಿ ಮಾಡೋದು ಅಂತ ಕೇಳೀರಿ. ನಾ ಕಲಬುರಗಿಯಂವ, ಹಿಂಗಾಗಿ ಮೊದಲ ಬಿಸಲಿಂದೇ ಹೇಳ್ತೀನಿ. ಮೇ ತಿಂಗಳದಾಗ ಇಲ್ಲಿ 42 ಡಿಗ್ರಿ ಅಂದ್ರ ದೊಡ್ಡ ಸುದ್ದಿನೇ ಅಲ್ಲ, ಬಯಲಾಗ ಹಾಸಿದ ಕಲ್ಲು ಹೊತ್ತು ಮುಳುಗಿದ್ರೂ ಕಾವು ಬಿಡಲ್ಲ, ಅದರಾಗ ಸ್ಟೀಲ್ ಬೆಂಚ್ ಬ್ಯಾರೆ, ಯಾರ್ ಕೂಡ್ತಾರ್ರೀ?

ಕಾರಂಜಿ ನಡಸೋ ರೊಕ್ಕದಾಗ ಬೇವು, ಹೊಂಗಿ ಹಚ್ಚರಿ. ಪಾಮ್ ಗಿಡ ಬ್ಯಾಡ, ಅದರ ನೆರಳಿಗೆ ಒಂದು ನಾಯಿನೂ ಮಲಗಲ್ಲ (ಟೆಂಡರ್ ಮಂದಿಗೆ ಅದರ ಮ್ಯಾಲ ಯಾಕಷ್ಟು ಪ್ರೀತಿನೋ). ಗಿಡದ ಸುತ್ತ ಕಟ್ಟಿ ಕಟ್ಟಸ್ರಿ. ನ್ಯೂಯಾರ್ಕಿನ ಚೌಕಗಳಿಗೆ ಕ್ಯಾಮೆರಾ ಇಟ್ಟು ಮಂದಿ ಎಲ್ಲಿ ಕೂಡ್ತಾರ ಅಂತ ನೋಡಿದ ವಿಲಿಯಂ ವೈಟ್ ಅನ್ನಾವ್ರು, ಒಂದರಿಂದ ಮೂರು ಫೂಟ್ ಎತ್ತರದ ಕಟ್ಟಿ ಸಿಕ್ರ ಮಂದಿ ಕೂಡ್ತಾರ ಅಂದ್ರು, ನಮ್ಮ ಹಳ್ಳಿ ಬೇವಿನ ಕಟ್ಟಿ ಅಷ್ಟೇ ಎತ್ತರ ಇರ್ತಾವ. ನ್ಯೂಯಾರ್ಕಿನಾಗೇ ಬ್ರಯಂಟ್ ಪಾರ್ಕ್ ಅಂತ ಅದ, ಮಂದಿ ಒಳಗ ಹೋಗಾಕ ಹೆದರ್ತಿದ್ರು, ಬೇಲಿ ತಗದು ದಾರಿ ಅಗಲ ಮಾಡಿ ಬೇಕಾದ ಕಡಿ ಎಳಕೊಳ್ಳೋ ಹಗುರ ಕುರ್ಚಿ ಇಟ್ಟು 1992ರಾಗ ಮತ್ತ ಮಂದಿಗೆ ತೆರದ್ರು, ಈಗ ಮಧ್ಯಾಹ್ನ ಸೀಟ್ ಸಿಗೋದು ಕಷ್ಟ. ನಮ್ಮ ಕಡಿ ಕುರ್ಚಿ ಮುಂಜಾನಿ ತನಕ ಉಳಿಯಲ್ಲ ಅಂತ ನಗಬ್ಯಾಡ್ರಿ, ಅಲ್ಲೇ ಚಹಾ ಮಾರಾಂವಗ ಅದರ ಜವಾಬ್ದಾರಿ ಕೊಡ್ರಿ, ರಾತ್ರಿ ಒಳಗಿಟ್ಟು ಕೀಲಿ ಹಾಕ್ತಾನ.

ಚಹಾ, ಮಿರ್ಚಿ ಭಜ್ಜಿ ಬಂಡಿ ಓಡಿಸಿ ಚೌಕ ಚಂದ ಮಾಡ್ತೀವಿ ಅನ್ನಾವ್ರ ಮಾತು ಕೇಳಬ್ಯಾಡ್ರಿ. ಮಂದಿ ಬರೋದೇ ಭಜ್ಜಿಗೆ, ಕೂಡೋದು ಆಮ್ಯಾಲ. ಬೀದಿ ವ್ಯಾಪಾರಿಗಳ ಸಲುವಾಗಿ 2014ರ ಕಾಯ್ದಿ ಅದ, ಅದರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಮುಂದ ಜಾಗ ಗುರುತು ಮಾಡಸ್ರಿ, ನೀರು, ಕಸದ ಡಬ್ಬಿನೂ ಅಲ್ಲೇ ಕೊಡ್ರಿ. ಹೆಣ್ಮಕ್ಕಳು ಸಂಜಿ ಹೊತ್ತು ಕೂಡಬೇಕಂದ್ರ ಲೈಟು, ಮತ್ತ ಕೀಲಿ ಹಾಕದ ಸ್ವಚ್ಛ ಟಾಯ್ಲೆಟ್ ಬೇಕು. ಇದು ಎಲ್ಲಾ ಪ್ಲಾನಿನಾಗೂ ಇರ್ತದ, ಉದ್ಘಾಟನೆ ಆದಮ್ಯಾಲ ಕೀಲಿ ಬೀಳ್ತದ.

ಮೊದಲೇ ಎಲ್ಲಾ ಕಿತ್ತಬ್ಯಾಡ್ರಿ. ಒಂದು ಬ್ಯಾಸಗಿ ಹಸಿರು ನೆಟ್ ಕಟ್ಟಿ, ನಾಕು ಬಂಡಿ ಬಿಟ್ಟು, ಮಂದಿ ಎಲ್ಲಿ ನಿಂದರ್ತಾರ, ಯಾವ ಕಡಿಂದ ಅಡ್ಡ ಹಾಯ್ತಾರ ನೋಡ್ರಿ, ಆಮ್ಯಾಲ ಡ್ರಾಯಿಂಗ್ ಮಾಡಸ್ರಿ. ಫರ್ಸಿ ಮತ್ತ ಹಾಸೋದಾದ್ರ ಶಹಾಬಾದ್ ಕಲ್ಲೇ ಸಾಕು, ಆದ್ರ ನಿಮ್ಮಲ್ಲೂ ನಮ್ಮಂಗ ಎರಿ ಭೂಮಿ ಇದ್ರ ಅದನ್ನ ತಗದು ಮುರುಮ್ (ಗರಸು ಮಣ್ಣು) ತುಂಬಿ ದಮ್ಮಸ್ ಮಾಡಸ್ರಿ, ಅಂದ್ರ ಬಡದು ಗಟ್ಟಿ ಮಾಡಸ್ರಿ, ಇಲ್ಲಾಂದ್ರ ಮಳಿಗಾಲಕ್ಕ ಮಣ್ಣು ಉಬ್ಬಿ ಕಲ್ಲು ಎದ್ದು ಮುದುಕರು ಎಡವಿ ಬೀಳ್ತಾರ.