ಕಲಬುರಗಿಯಲ್ಲಿ ಶರತ್ಕಾಲದ ಬಣ್ಣ ಮನೆಗೆ ತರುವುದು ಹೇಗೆ?

ನಮ್ಮಲ್ಲಿ ಶೀತದೇಶದ ಹಾಗೆ ಮರಗಳೆಲ್ಲ ಕೆಂಪಾಗುವುದಿಲ್ಲ, ಏನು ತರೋದು ಅಂತ ಕೇಳಿದ್ದೀರಿ. ಹೊಲದ ಕಡೆ ನೋಡಿ. ಸುಮ್ನೆ ಪ್ಲಾಸ್ಟಿಕ್ ಎಲೆ ಕೊಳ್ಳಬೇಡಿ.

ಶೀಗಿ ಹುಣ್ಣಿಮೆ ಹೊತ್ತಿಗೆ ಸಜ್ಜೆ ತೆನೆ ಸಿಗುತ್ತದೆ. ರೈತರನ್ನು ಕೇಳಿ, ಮೊಳದುದ್ದ ದಂಟಿನ ಸಮೇತ ಒಂದು ಹಿಡಿ ತನ್ನಿ. ಕಟ್ಟು ಕಟ್ಟಿ, ಗಾಳಿಯಾಡುವ ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿ. ದಂಟು ಬಾಗದೆ ಒಣಗುತ್ತದೆ. ಬಿಸಿಲಿಗೆ ಹಾಕಿದರೆ ಬಣ್ಣ ಬೇಗ ಮಾಸುತ್ತದೆ.

ನನಗೆ ಜಾಸ್ತಿ ಇಷ್ಟ ಹತ್ತಿಯ ಒಣ ಕಡ್ಡಿ. ಯಾದಗಿರಿ, ಶಹಾಪುರದ ಕಡೆ ಬೇಕಾದಷ್ಟಿದೆ. ಒಡೆದ ಕಾಯಿಯ ಕಂದು ಸಿಪ್ಪೆ ಗಟ್ಟಿ, ಚೂಪು. ಒಳಗಿನ ಅರಳೆ ಬೆಳ್ಳಗೆ, ಮೆತ್ತಗೆ. ಅದನ್ನು ಬೀದರಿನ ಬಿದರಿ ಹೂದಾನಿಯಲ್ಲಿಡಿ. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಕೋಟೆಯ ಮಣ್ಣಿನಿಂದ ಕಪ್ಪು ಮಾಡಿದ ಮೈ ಅದರದು. ಆ ಕಪ್ಪಿನ ಪಕ್ಕ ಅರಳೆ ಎಷ್ಟು ಚೆಂದ ಕಾಣುತ್ತದೆ ಅಂತೀರಿ! ಒಣ ಕಡ್ಡಿಗೆ ನೀರೂ ಬೇಡ, ಹೂದಾನಿಗೆ ಅದು ಒಳ್ಳೆಯದೇ ಅಲ್ವಾ?

ಕೆಂಪೇ ಬೇಕಾದರೆ ಬೀದಿ ಬದಿಯ ಕಾಡು ಬಾದಾಮಿ ಎಲೆ ಇದೆ. ಉದುರುವ ಮೊದಲು ಕೆಂಪಾಗುತ್ತದೆ, ಆದರೆ ಚಳಿಗಾಲದವರೆಗೆ ಕಾಯಬೇಕು. ಹಳೆ ಪೇಪರ್ ನಡುವೆ ಇಟ್ಟು, ಮೇಲೆ ಭಾರ ಹೇರಿ ಒಣಗಿಸಿ.

ಅಲ್ಲಿಯವರೆಗೆ ಚೆಂಡು ಹೂವೇ ಸಾಕು. ಹಿತ್ತಾಳೆ ತಟ್ಟೆಯಲ್ಲಿ ತುಂಬಿ ನೆಲದ ಮೇಲಿಡಿ. ಶಹಾಬಾದ್ ಕಲ್ಲಿನ ಬೂದು ಬಣ್ಣಕ್ಕೆ ಅದು ತುಂಬಾ ಒಪ್ಪುತ್ತದೆ.