ಚಹಾಕ್ಕೆ ಯಾವ ಬಣ್ಣ ಬಳಿಯೋಣ?

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ. ಅವರ ಫೋನಿಗೆ ಒಂದು ನಕ್ಷೆ ಬಂತಂತೆ. ಲೋಕವನ್ನೆಲ್ಲ 'ಚಾ' ಅನ್ನುವವರು, 'ಟೀ' ಅನ್ನುವವರು ಅಂತ ಎರಡು ಬಣ್ಣದಲ್ಲಿ ಹಂಚಿದ್ದಾರೆ, ಕರ್ನಾಟಕಕ್ಕೆ ಪೂರ್ತಿ ಟೀ ಬಣ್ಣ. "ನಮ್ಮನೆಯಲ್ಲಿ ಮೊದಲಿನಿಂದ ಚಹಾ. ಮೈಸೂರಿನ ಸೊಸೆ ಬಂದ ಮೇಲೆ ಟೀನೂ ಶುರುವಾಗಿದೆ. ನಿಜವಾದ ಕನ್ನಡ ಯಾವುದು?" ಅಂತ ಕೇಳಿದ್ದಾರೆ.

ಎರಡೂ ಅಲ್ಲ! ಎರಡೂ ಚೀನಾದಿಂದ ಬಂದವು. ಅದೂ ಒಂದೇ ಅಕ್ಷರ, ಓದುವುದು ಮಾತ್ರ ಬೇರೆ: ಕ್ಯಾಂಟನ್, ಮಕಾವ್ ಕಡೆ 'ಚಾ', ಅಮೋಯ್ ಬಂದರಿನ ಕಡೆ 'ತೆ'. ಯಾರು ಎಲ್ಲಿ ಸರಕು ತುಂಬಿಕೊಂಡರೋ ಅಲ್ಲಿನ ಮಾತೂ ಜೊತೆಗೆ ಹಡಗು ಹತ್ತಿತು. ಡಚ್ಚರು 'ತೆ' ಒಯ್ದರು, ಇಂಗ್ಲಿಷಿನ ಟೀ ಬಂದಿದ್ದು ಅವರಿಂದ. ಮಕಾವಿನಲ್ಲಿ ತಳವೂರಿದ್ದ ಪೋರ್ಚುಗೀಸರು ಇವತ್ತಿಗೂ 'ಷಾ' ಅನ್ನುತ್ತಾರೆ, ಬೇಲಿಯಾಚೆಯ ಸ್ಪೇನಿನವರು 'ತೇ'. ಪರ್ಷಿಯಾದ ಕಡೆಗೆ ಹೋಗಿದ್ದು ಚಾಯ್. ನಿಮ್ಮ ಚಹಾ ಮರಾಠಿಯಲ್ಲೂ ಚಹಾನೇ, 1956ರವರೆಗೆ ಧಾರವಾಡ ಮುಂಬೈ ಕಡೆಗೇ ಸೇರಿತ್ತಲ್ವಾ. ಮೈಸೂರಿನವರ ಟೀ ಇಂಗ್ಲಿಷಿನದು. ಮಂಗಳೂರಿಗೆ ಹೋದರೆ ಚಾ, ಅಲ್ಲಿಂದ ಕೆಳಗಿಳಿದರೆ ಕೇರಳದ ಚಾಯ.

ಹಾಗಾಗಿ ಒಂದು ಭಾಷೆಗೆ ಒಂದೇ ಬಣ್ಣ ಬಳಿದ ನಕ್ಷೆ ನೋಡಲು ಚೆಂದ, ಅಷ್ಟೇ. ನನಗೆ ಅದಕ್ಕಿಂತ ಜಾಸ್ತಿ ಕಾಡುವುದು ಬೇರೆ ಪ್ರಶ್ನೆ: ಆ ಬಣ್ಣ ಬಳಿದವರು ಯಾರನ್ನು ಕೇಳಿದರು? ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಒಂದು ಅಂಗಡಿಯ ಮುಂದೆ ನಿಂತಿದ್ದೆ. ಬೋರ್ಡಿನಲ್ಲಿ ದಪ್ಪ ಕೆಂಪಕ್ಷರದಲ್ಲಿ 'ಟೀ ಸ್ಟಾಲ್'. ಅಂಗಡಿಯವರು ಒಳಗಿನ ಹುಡುಗನಿಗೆ ಕೂಗಿದ್ದು "ಎರಡ್ ಚಾ ಹಾಕಪಾ" ಅಂತ. ಆಮೇಲೆ ನನ್ನ ಇನ್ ಮಾಡಿದ ಶರ್ಟು ನೋಡಿ, "ಸರ್, ನಿಮಗೆ ಟೀನಾ?" ಅಂದರು. ಈಗ ಹುಬ್ಬಳ್ಳಿಗೆ ಯಾವ ಬಣ್ಣ ಹೇಳಿ.

ಈ ತೊಂದರೆ ಹಳೆಯದು. ಫ್ರಾನ್ಸಿನಲ್ಲಿ ಜಿಲಿಯೆರೋನ್ ಅನ್ನುವ ಭಾಷಾಶಾಸ್ತ್ರಜ್ಞ ಮಾತಿನ ನಕ್ಷೆ ಮಾಡಲು ಹೊರಟಾಗ, ಊರೂರು ಸುತ್ತಲು ಎದ್ಮೋಂ ಎಂಬ ಕಿರಾಣಿ ವ್ಯಾಪಾರಿಯನ್ನು ಆರಿಸಿಕೊಂಡ. ಆತನ ಕಿವಿ ಅಷ್ಟು ಚುರುಕು. 1897ರಿಂದ 1901ರವರೆಗೆ 639 ಊರು ಸುತ್ತಿದ. ನಿಯಮ ಒಂದೇ: ಕೇಳಿದ ತಕ್ಷಣ ಬಾಯಿಗೆ ಬಂದದ್ದನ್ನೇ ಬರೆದುಕೋ, ಯೋಚಿಸಿ ತಿದ್ದಿ ಹೇಳಿದ್ದನ್ನಲ್ಲ.

ಆ ನಕ್ಷೆಗಳಿಂದ ಸಿಕ್ಕ ಒಂದು ಸಂಗತಿ ನನಗೆ ತುಂಬ ಇಷ್ಟ. ಫ್ರಾನ್ಸಿನ ನೈಋತ್ಯ ಮೂಲೆಯ ಗ್ಯಾಸ್ಕನಿಯಲ್ಲಿ ಲ್ಯಾಟಿನ್ ಪದಗಳ ಬಾಲ ಉದುರಿ ಕೊನೆಗೆ ಉಳಿದ 'ಲ್ಲ್' ಸವೆದು 'ತ್' ಆಯಿತು. ಆ ಲೆಕ್ಕದಲ್ಲಿ ಹುಂಜ ಅನ್ನುವ 'ಗಲ್ಲುಸ್' ಹೋಗಿ 'ಗಾತ್' ಆಗಬೇಕು. ಆದರೆ ಬೆಕ್ಕಿಗೆ ಆಗಲೇ ಗಾತ್ ಅನ್ನುತ್ತಿದ್ದರು! ಕೋಳಿಗೂಡಿನ ಹತ್ತಿರ ಗಾತ್ ಬಂತು ಅಂದರೆ ಹುಂಜವೋ ಬೆಕ್ಕೋ? ಎರಡಕ್ಕೂ ಒಂದೇ ಹೆಸರಾದರೆ ಸಂಸಾರ ನಡೆಯೋದು ಹೇಗೆ. ಅಲ್ಲಿನ ರೈತರು ಹುಂಜವನ್ನು ಫೆಸೆಂಟ್ ಎಂಬ ಕಾಡುಹಕ್ಕಿಯ ಹೆಸರಿನಿಂದ ಕರೆದರು, ಇನ್ನು ಕೆಲವು ಕಡೆ 'ಕಿರಿಯ ಪಾದ್ರಿ' ಅಂತಲೇ ಕರೆದರು. (ಪಾದ್ರಿಗಳು ಏನಂದರೋ.) 'ತ್' ಆದ ಸೀಮೆಯೂ ಹುಂಜದ ಹಳೆ ಹೆಸರು ಮಾಯವಾದ ಸೀಮೆಯೂ ನಕ್ಷೆಯ ಮೇಲೆ ಹೆಚ್ಚೂಕಡಿಮೆ ಒಂದೇ. ಬಿಡಿ ಪದಕೋಶ ನೋಡಿಕೊಂಡು ಕೂತಿದ್ದರೆ ಇದು ಯಾರಿಗೂ ಹೊಳೆಯುತ್ತಿರಲಿಲ್ಲ.

ನೀವೂ ಒಂದು ಸಣ್ಣ ಕೆಲಸ ಮಾಡಿ. ಒಂದು ವಾರ, ನಿಮ್ಮನೆಯಲ್ಲಿ ಯಾರು ಯಾರ ಹತ್ತಿರ ಚಹಾ ಅಂದರು, ಯಾರು ಟೀ ಅಂದರು ಅಂತ ಕ್ಯಾಲೆಂಡರಿನ ಮೂಲೆಯಲ್ಲಿ ಸುಮ್ನೆ ಗುರುತು ಹಾಕಿ. ಸೊಸೆ ನಿಮ್ಮ ಹತ್ತಿರ ಒಂದು, ತವರಿಗೆ ಫೋನ್ ಮಾಡುವಾಗ ಇನ್ನೊಂದು ಅನ್ನಬಹುದು. ಆದರೆ ಲೆಕ್ಕ ಇಡುತ್ತಿದ್ದೀರಿ ಅಂತ ಯಾರಿಗೂ ಹೇಳಬೇಡಿ, ಮರುದಿನದಿಂದಲೇ ಎಲ್ಲರೂ ತಿದ್ದಿಕೊಂಡು ಮಾತಾಡುತ್ತಾರೆ.

– ಸಂ.